ಆಷಾಢದಲ್ಲಿ ಬಂದವರು

ಅಮೃತಹಳ್ಳಿಯ ಚಿಕ್ಕಬೈರಪ್ಪ ಮೊದಲು ದ್ರಾಕ್ಷಿ ಬೆಳೆದ, ಆಮೇಲೆ ಮನೆ ಕಟ್ಟಿ ಬಾಡಿಗೆಗೆ ಕೊಟ್ಟ, ಆಮೇಲೆ ತೀರಿಕೊಂಡ. ಆ ಊರಿನಲ್ಲಿ ಅವನ ವಯಸ್ಸಿನ ಬಹಳ ಜನರ ಬಾಳನ್ನು ಇಷ್ಟರಲ್ಲೇ ಹೇಳಿ ಮುಗಿಸಬಹುದು. ಅವನದನ್ನು ಹಾಗೆ ಮುಗಿಸಲಾಗುವುದಿಲ್ಲ. ನಡುವೆ ಒಂದು ಆಷಾಢ ಬರುತ್ತದೆ.

ಎರಡು ಎಕರೆ ಕರಿದ್ರಾಕ್ಷಿ ಅವನದು. ಬಳ್ಳಿಗೆ ಮೈಲುತುತ್ತ, ಸುಣ್ಣ ಕಲಸಿ ಹೊಡೆದು ಹೊಡೆದು ಅಂಗೈ ಗೆರೆಗಳಲ್ಲಿ ತಿಳಿನೀಲಿ ಬಣ್ಣ ನಿಂತುಬಿಟ್ಟಿತ್ತು. ತೋಟ ಹೋಗಿ ಇಪ್ಪತ್ತು ವರ್ಷವಾದ ಮೇಲೂ ಬಣ್ಣ ಇನ್ನೂ ಇದೆ ಎಂದು ಅಂಗೈ ತೋರಿಸುತ್ತಿದ್ದ. ನೋಡಿದವರಿಗೆ ಏನೂ ಕಾಣುತ್ತಿರಲಿಲ್ಲ. ಹೌದು, ಇದೆ ಅನ್ನುತ್ತಿದ್ದರು. ತೋಟ ಒಂದಿಷ್ಟು ರಸ್ತೆಗೆ ಹೋಯಿತು, ಉಳಿದದ್ದು ಲೇಔಟಿಗೆ ಹೋಯಿತು. ಒಂದೇ ಒಂದು ಬಳ್ಳಿಯನ್ನು ಬೇರುಸಮೇತ ತಂದು ಮನೆಯ ಪಕ್ಕ ನೆಟ್ಟು, ತಾರಸಿಗೆ ಹಬ್ಬಿಸಿ, ಕಬ್ಬಿಣದ ಪೈಪಿನ ಚಪ್ಪರ ಹಾಕಿಸಿದ್ದ. ಅದರ ಹಣ್ಣು ಹುಳಿ. ಬೀದಿಗೆಲ್ಲ ಹಂಚುತ್ತಿದ್ದ. ಎರಡನೇ ಸಲ ಕೇಳಿ ಈಸಿಕೊಂಡವರಿಲ್ಲ.

ಬಾಡಿಗೆದಾರರಿಗೆ ಅವನ ಷರತ್ತು ಎರಡು. ಗೋಡೆಗೆ ಮೊಳೆ ಹೊಡೆಯಬಾರದು. ಆಷಾಢದಲ್ಲಿ ಮನೆ ಹೊಗಬಾರದು. ಮೊದಲನೆಯದರಲ್ಲಿ ರಿಯಾಯಿತಿ ಇತ್ತು, ದೇವರ ಪಟಕ್ಕೆಂದು ಒಂದು ಮೊಳೆ ಹೊಡೆಯಬಹುದಿತ್ತು. ಎರಡನೆಯದರಲ್ಲಿ ಇರಲಿಲ್ಲ.

ಅದಕ್ಕೆ ಕಾರಣವಿತ್ತು. ಅವನ ಹಳೆಯ ಮನೆ ರಸ್ತೆಗೆ ಹೋದ ವರ್ಷ, ಕೆಡವಲು ಬಂದವರು ಪಂಚಾಂಗ ನೋಡಿಕೊಂಡು ಬರಲಿಲ್ಲ. ಬೈರಪ್ಪ, ಹೆಂಡತಿ ಸೊಣ್ಣಮ್ಮ, ಆರು ವರ್ಷದ ಮಗ ಯಶವಂತ, ಕೈಗೂಸು ನಯನಾ, ನಾಲ್ವರೂ ನಡು ಆಷಾಢದಲ್ಲಿ ಹೊಸ ಮನೆ ಹೊಕ್ಕರು. ದೀಪಾವಳಿಗೆ ಮೊದಲೇ ಯಶವಂತ ಹೋದ. ಡಾಕ್ಟರು ಮೆದುಳು ಜ್ವರ ಅಂದರು. ಸೊಣ್ಣಮ್ಮ ಆಷಾಢ ಅಂದರು. ಬೈರಪ್ಪ ಇಬ್ಬರ ಮಾತಿಗೂ ತಲೆಯಾಡಿಸಿದ. ಆಮೇಲೆ ಇಪ್ಪತ್ತೈದು ವರ್ಷ ಆ ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಆಷಾಢದಲ್ಲಿ ಮಾತ್ರ, ಖಾಲಿ ಇದ್ದ ಮಹಡಿ ಖಾಲಿಯೇ ಇರುತ್ತಿತ್ತು.

ಎರಡು ಸಾವಿರದ ಇಪ್ಪತ್ತಮೂರರ ಜೂನ್ ಕೊನೆಯಲ್ಲಿ ಗಂಗಾನಗರದ ಬ್ರೋಕರ್ ಖುದ್ದೂಸ್ ಒಬ್ಬ ತೆಳ್ಳನೆಯ ಗಡ್ಡದ ಯುವಕನನ್ನು ಕರೆತಂದ. ಹೆಸರು ನಾಸಿರ್, ಯೆಮನ್ ದೇಶದವನು. ತೋಟಗಾರಿಕೆಯಲ್ಲಿ ಪಿಎಚ್.ಡಿ. ಮಾಡಲು ಸ್ಟೂಡೆಂಟ್ ವೀಸಾದ ಮೇಲೆ ಬಂದು ವರ್ಷವಾಗುತ್ತ ಬಂದಿತ್ತು. ಹಾಸ್ಟೆಲಿನಲ್ಲಿದ್ದ. ಈಗ ಹೆಂಡತಿಗೂ ಮಗುವಿಗೂ ವೀಸಾ ಸಿಕ್ಕಿತ್ತು, ಹಾಸ್ಟೆಲಿನಲ್ಲಿ ಸಂಸಾರ ಇಡುವ ಹಾಗಿರಲಿಲ್ಲ. ಸಹಕಾರನಗರ, ಸಂಜಯನಗರ ಸುತ್ತಿ ಬಂದಿದ್ದರು. ವಿದೇಶಿಯರಿಗೆ ಮನೆ ಕೊಟ್ಟರೆ ಮಾಲೀಕ ಇಪ್ಪತ್ತನಾಲ್ಕು ಗಂಟೆಯೊಳಗೆ ಫಾರಂ ಸಿ ಎಂಬುದನ್ನು ಆನ್‌ಲೈನಿನಲ್ಲಿ ತುಂಬಬೇಕು, ಪೊಲೀಸರು ಬಂದು ನೋಡಿಕೊಂಡು ಹೋಗುತ್ತಾರೆ. ಇಷ್ಟು ಕೇಳಿದ ಕೂಡಲೇ ಮಾಲೀಕರಿಗೆ ತಮ್ಮ ಮನೆ ನಿನ್ನೆಯೇ ಬೇರೆಯವರಿಗೆ ಹೋಯಿತೆಂಬುದು ನೆನಪಾಗುತ್ತಿತ್ತು.

"ಫ್ಯಾಮಿಲಿ ಅಣ್ಣ. ಕುಡಿಯಲ್ಲ, ಸೇದಲ್ಲ," ಅಂದ ಖುದ್ದೂಸ್.

"ಏನ್ ಓದ್ತಾನೆ?"

"ದ್ರಾಕ್ಷಿ."

"ದ್ರಾಕ್ಷೀಲಿ ಏನು?"

ಖುದ್ದೂಸ್ ಯುವಕನನ್ನು ಕೇಳಿ ಹೇಳಿದ. "ಅದಕ್ಕೆ ಬರೋ ಕಾಯಿಲೆ ಅಂತೆ ಅಣ್ಣ. ಎಲೆ ಮೇಲೆ ಬೂದಿ ಚೆಲ್ಲಿದಂಗೆ ಆಗುತ್ತಂತಲ್ಲ, ಅದು."

ಬೈರಪ್ಪ ನಾಸಿರನನ್ನು ತಾರಸಿಗೆ ಕರೆದುಕೊಂಡು ಹೋದ. ನಾಸಿರ್ ಎಲೆ ಮಗುಚಿ ನೋಡಿದ, ಕಾಂಡ ಮುಟ್ಟಿ ನೋಡಿದ, ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡ. ಮುಖ ಕಿವುಚಲಿಲ್ಲ. ಇನ್ನೊಂದು ಕಿತ್ತ.

"ಮನೆ ಕೊಟ್ಟೆ ಅನ್ನು," ಅಂದ ಬೈರಪ್ಪ ಖುದ್ದೂಸನಿಗೆ. "ಆದ್ರೆ ಈಗಲ್ಲ. ಶ್ರಾವಣಕ್ಕೆ."

"ಹೆಂಡ್ತಿ ಮಗು ಸೋಮವಾರ ಇಳೀತಾವ್ರೆ ಅಣ್ಣ. ಟಿಕೆಟ್ ಆಗ್ಬಿಟ್ಟೈತೆ."

ನಯನಾ ಫೋನಿನಲ್ಲಿ ನೋಡಿದಳು. "ಅಪ್ಪ, ಈ ವರ್ಷ ಅಧಿಕ ಮಾಸ ಬೇರೆ ಇದೆ. ಆಷಾಢ ಮುಗಿದ್ರೆ ಅಧಿಕ ಶ್ರಾವಣ. ನಿಜ ಶ್ರಾವಣ ಆಗಸ್ಟ್ ಹದಿನೇಳಕ್ಕೆ."

ಖುದ್ದೂಸ್ ಕೈಯಲ್ಲಿ ಆಡಿಸುತ್ತಿದ್ದ ಬೈಕಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ನಾಸಿರ್ ಏನು ತೊಂದರೆ ಎಂದು ಕೇಳಿದ. ನಯನಾ ಇಂಗ್ಲಿಷಿನಲ್ಲಿ ಹೇಳಿದಳು. ಇದು ಕಾನೂನೇ ಎಂದು ಅವನು ಮತ್ತೆ ಕೇಳಿದ.

"ಕಾನೂನೇ ಕಣಪ್ಪ," ಅಂದ ಬೈರಪ್ಪ. "ಇಲ್ಲಿ ಎಲ್ಲಾರ್ಗೂ ಒಂದೇ."

ನಾಸಿರನಿಗೆ ಆಶ್ಚರ್ಯವಾಗಲಿಲ್ಲ. ಹೆಂಡತಿಯ ವೀಸಾಕ್ಕಾಗಿ ಅವನು ಕಾಲೇಜಿನ ಪತ್ರ, ಬ್ಯಾಂಕಿನ ಪತ್ರ, ಮದುವೆಯ ಪತ್ರ, ಮದುವೆಯ ಪತ್ರದ ಅನುವಾದ, ಅನುವಾದ ಸರಿಯಿದೆಯೆಂಬ ಪತ್ರ ಇವನ್ನೆಲ್ಲ ಒದಗಿಸಿದ್ದ. ಮಗುವಿನ ಫೋಟೋ ಎರಡು ಸಲ ವಾಪಸಾಗಿತ್ತು. ಒಂದರಲ್ಲಿ ಅದು ಕಣ್ಣು ಮುಚ್ಚಿತ್ತು, ಇನ್ನೊಂದರಲ್ಲಿ ಹಿಡಿದುಕೊಂಡವರ ಕೈ ಕಾಣುತ್ತಿತ್ತು. ಇಷ್ಟಾದ ಮೇಲೆ, ಒಂದೂವರೆ ತಿಂಗಳು ಮನೆ ಹೊಗಬಾರದೆಂಬ ಕಾನೂನೂ ಇರಬಹುದು ಎಂದು ಅವನಿಗನಿಸಿತು. ನೋಟ್‌ಬುಕ್ ತೆಗೆದು ಬರೆದುಕೊಂಡ.

"ಕೂಸಿಗೆ ಎಷ್ಟ್ ತಿಂಗ್ಳು?" ಎಂದು ಕೇಳಿದ ಬೈರಪ್ಪ.

ಒಂಬತ್ತು, ಅಂದ ನಾಸಿರ್.

"ನೀನು ಇಲ್ಗೆ ಬಂದು?"

ಹನ್ನೊಂದು.

"ಅಂಗಾರೆ ಕೂಸಿನ ಮಖ ನೋಡಿಲ್ಲ."

"ಫೋನಲ್ಲಿ ನೋಡವ್ನೆ ಅಣ್ಣ," ಅಂದ ಖುದ್ದೂಸ್.

ಬೈರಪ್ಪ ಚಪ್ಪರದ ಕೆಳಗೆ ಎರಡು ಸಲ ಆ ತುದಿಯಿಂದ ಈ ತುದಿಗೆ ನಡೆದ. ಆಮೇಲೆ ದಾರಿ ಹುಡುಕಿದ. ಬಾಡಿಗೆದಾರರು ಆಷಾಢದಲ್ಲಿ ಬರಬಾರದು, ಸರಿ. ನೆಂಟರು ಬರಬಹುದಲ್ಲ? ಎರಡನೇ ಮಹಡಿಯ ಮುಂಬಾಗಿಲು ಬೀಗದಲ್ಲೇ ಇರಲಿ. ಹಿತ್ತಲ ಕಬ್ಬಿಣದ ಮೆಟ್ಟಿಲು ಹತ್ತಿ ಓಡಾಡಲಿ. ಮೇಲೆ ಒಲೆ ಹಚ್ಚುವುದು ಬೇಡ, ಊಟ ಕೆಳಗೆ ಸೊಣ್ಣಮ್ಮನ ಅಡುಗೆಮನೆಯಲ್ಲಿ. ಬಾಡಿಗೆ ಬೇಡ, ಕರಾರು ಬೇಡ. ಶ್ರಾವಣದಲ್ಲಿ ಹಾಲುಕ್ಕಿಸಿ, ಕರಾರು ಬರೆದು, ಅವತ್ತಿನಿಂದ ಬಾಡಿಗೆದಾರರು.

"ನೀವು ಲಾಯರ್ ಆಗ್ಬೇಕಿತ್ತು ಅಣ್ಣ," ಅಂದ ಖುದ್ದೂಸ್.

ಸೊಣ್ಣಮ್ಮ ಇದಕ್ಕೆ ಒಪ್ಪಿದರು. ಆದರೆ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಯಾರೂ ಅದಕ್ಕೆ ಇದು ನಿನ್ನ ಮನೆ ಎಂದು ತೋರಿಸಿ ಹೇಳಬಾರದು ಅಂದರು.

ಜುಲೈ ಮೂರನೇ ತಾರೀಕು ನಾಸಿರನ ಹೆಂಡತಿ ಹನಾನ್, ಮಗಳು ಸಲ್ಮಾ ಬಂದಿಳಿದರು. ನಲವತ್ತಾರು ದಿನ ನೆಂಟರಾಗಿದ್ದರು. ಹನಾನ್‌ಗೂ ಸೊಣ್ಣಮ್ಮನಿಗೂ ಬರುವ ಭಾಷೆಗಳಲ್ಲಿ ಯಾವುದೂ ಹೊಂದುತ್ತಿರಲಿಲ್ಲವಾದ್ದರಿಂದ ಇಬ್ಬರೂ ತಂತಮ್ಮ ಭಾಷೆಯಲ್ಲೇ ಮಾತಾಡಿಕೊಂಡರು, ಜಗಳ ಬರಲಿಲ್ಲ. ಕೋಳಿಯನ್ನು ನಾಸಿರ್ ಆರ್.ಟಿ. ನಗರದಿಂದ ತಾನೇ ತಂದುಕೊಡುತ್ತಿದ್ದ, ಸೊಣ್ಣಮ್ಮ ಸಾರು ಮಾಡುತ್ತಿದ್ದರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಹನಾನ್‌ಗೆ ತಿಳಿಯಲು ಒಂದು ವಾರ ಹಿಡಿಯಿತು. ಎರಡನೇ ಗುರುವಾರ ಆಶಾ ಕಾರ್ಯಕರ್ತೆ ಅಂಜಿನಮ್ಮ ಬೀದಿಗೆ ಬಂದಾಗ ಬೈರಪ್ಪನೇ ಸಲ್ಮಾಳನ್ನು ಎತ್ತಿಕೊಂಡು ಅಂಗನವಾಡಿಗೆ ಹೋಗಿ ಒಂಬತ್ತು ತಿಂಗಳಿನ ದಡಾರದ ಚುಚ್ಚುಮದ್ದು ಹಾಕಿಸಿದ.

"ಮಗು ಯಾರ್ದು ಬೈರಪ್ಪಣ್ಣ?" ಎಂದು ಕೇಳಿದಳು ಅಂಜಿನಮ್ಮ, ಕಾರ್ಡು ಬರೆಯುತ್ತ.

"ನಮ್ಮನೇದು."

ಅವಳು ಅವನ ಮನೆ ನಂಬರು ಬರೆದು ಕೊಟ್ಟಳು.

ಹೆಂಡತಿ ಮಗು ಬಂದ ಹದಿನಾಲ್ಕು ದಿನದೊಳಗೆ ವಿದೇಶಿಯರ ನೋಂದಣಿ ಆಗಬೇಕೆಂದು ಕಾಲೇಜಿನವರು ನಾಸಿರನಿಗೆ ಹೇಳಿದ್ದರು. ಅದಕ್ಕೆ ಮನೆಯ ಕರಾರು ಬೇಕು, ಮಾಲೀಕರ ಫಾರಂ ಸಿ ಬೇಕು. ಹತ್ತನೇ ದಿನ ಅವನು ಬೈರಪ್ಪನನ್ನು ಕೇಳಿದ. ಶ್ರಾವಣಕ್ಕೆ ಎಲ್ಲಾ ಒಟ್ಟಿಗೆ ಆಗ್ತದೆ ಅಂದ ಬೈರಪ್ಪ. ಒಂದು ಕಾನೂನು ಇನ್ನೊಂದಕ್ಕೆ ಕಾಯುತ್ತದೆ ಎಂದು ನಾಸಿರ್ ನಂಬಿದ.

ಆಗಸ್ಟ್ ಹದಿನೆಂಟು, ಶ್ರಾವಣದ ಮೊದಲ ಶುಕ್ರವಾರ. ಮುಂಬಾಗಿಲ ಬೀಗ ತೆಗೆದರು, ಮಾವಿನೆಲೆ ಕಟ್ಟಿದರು. ಹನಾನ್ ಹಾಲುಕ್ಕಿಸಿದಳು. ಬೈರಪ್ಪ ಕರಾರಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಸಹಿ ಮಾಡಿದ. ನಯನಾ ಫಾರಂ ಸಿ ತುಂಬಿದಳು. ಈ ವಿಳಾಸಕ್ಕೆ ಬಂದ ದಿನ ಎಂಬಲ್ಲಿ ಕರಾರಿನಲ್ಲಿದ್ದ ತಾರೀಕನ್ನೇ ಹಾಕಿದಳು. ನೋಂದಣಿಗೆ ತಡವಾದದ್ದೇಕೆ ಎಂಬ ಕಡೆ ನಾಸಿರ್ ತಾನೇ, ತನ್ನ ನೋಟ್‌ಬುಕ್ ನೋಡಿಕೊಂಡು, ಈ ಪ್ರದೇಶದಲ್ಲಿ ಆಷಾಢ ಮತ್ತು ಹೆಚ್ಚುವರಿ ತಿಂಗಳಿನಲ್ಲಿ ಮನೆ ಪ್ರವೇಶವನ್ನು ನಿಷೇಧಿಸಲಾಗಿದೆ ಎಂದು ಬರೆದ.

ಹತ್ತು ದಿನಕ್ಕೆ ಉತ್ತರ ಬಂತು. ಸದರಿ ನಿಷೇಧದ ಆದೇಶದ ಪ್ರತಿ ಲಗತ್ತಿಸಿ. ಜುಲೈ ಮೂರರಿಂದ ಆಗಸ್ಟ್ ಹದಿನೇಳರವರೆಗೆ ತಾಯಿ, ಮಗು ಎಲ್ಲಿದ್ದರು ಎಂಬುದಕ್ಕೆ ಪುರಾವೆ ಕೊಡಿ.

ಹಿಂದೆಯೇ ಠಾಣೆಯಿಂದ ಕಾನ್‌ಸ್ಟೆಬಲ್ ರವಿಕಿರಣ ಬಂದ. ಹುಳಿ ದ್ರಾಕ್ಷಿ ಕೊಟ್ಟರು. ಒಂದು ತಿಂದು ತಟ್ಟೆಯನ್ನು ಸ್ವಲ್ಪ ದೂರ ಸರಿಸಿದ.

"ಇವ್ರು ಯಾವಾಗ ಬಂದ್ರು ಯಜಮಾನ್ರೆ?"

"ಶ್ರಾವಣದಲ್ಲಿ."

"ಪಾಸ್‌ಪೋರ್ಟಲ್ಲಿ ಜುಲೈ ಮೂರು ಅಂತ ಸೀಲ್ ಇದೆ."

"ಅದು ಇಂಡಿಯಾಕ್ಕೆ ಬಂದಿದ್ದು. ಮನೆಗೆ ಬಂದಿದ್ದು ಶ್ರಾವಣದಲ್ಲಿ."

"ಮಧ್ಯ ಎಲ್ಲಿದ್ರು?"

"ಇಲ್ಲೇ ಇದ್ರು."

ರವಿಕಿರಣ ಪೆನ್ನು ಕೆಳಗಿಟ್ಟ. "ಮನೆಗೆ ಬರ್ದೆ ಇಲ್ಲೇ ಹೆಂಗಿದ್ರು?"

"ನೆಂಟ್ರಾಗಿದ್ರು."

"ಯಜಮಾನ್ರೆ, ಯೆಮನ್ ದೇಶದಲ್ಲಿ ನಿಮಗೆ ನೆಂಟ್ರು ಹೆಂಗೆ?"

"ಈಗ ಆಗವ್ರೆ."

ನೆಂಟರಿಗೂ ಇಪ್ಪತ್ತನಾಲ್ಕು ಗಂಟೆಯೊಳಗೆ ಫಾರಂ ಹಾಕಬೇಕು ಎಂದು ಹೇಳಿ ರವಿಕಿರಣ ಎದ್ದ. ನೋಡಿದ್ದನ್ನು ಬರೆಯುತ್ತೇನೆ, ಮುಂದಿನದು ದೊಡ್ಡ ಆಫೀಸಿನವರ ಕೈಲಿದೆ ಅಂದ. ಮುಂದಿನದೇನು ಎಂಬುದನ್ನು ಖುದ್ದೂಸ್ ವಿಚಾರಿಸಿ ಬಂದು ತಿಳಿಸಿದ. ಪುರಾವೆ ಒಪ್ಪಿಗೆಯಾದರೆ ದಂಡ. ಆಗದಿದ್ದರೆ ತಾಯಿ ಮಗು ದೇಶ ಬಿಟ್ಟು ಹೋಗಬೇಕು, ಮತ್ತೆ ವೀಸಾ ಸಿಗುವ ನಂಬಿಕೆಯಿಲ್ಲ. ಅಂದು ನಾಸಿರ್ ಕಾಲೇಜಿಗೆ ಹೋಗಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಮಗಳನ್ನು ತೊಡೆಯಲ್ಲಿ ಕೂರಿಸಿಕೊಂಡು ಕೂತಿದ್ದ. ಬೈರಪ್ಪ ಎರಡು ಸಲ ಹಿತ್ತಲಲ್ಲಿ ಕಟ್ಟಿದ್ದ ಹಸುವಿಗೆ ನೀರು ಕುಡಿಸುವ ನೆಪದಲ್ಲಿ ಅವನ ಮುಂದೆ ಹಾದುಹೋದ. ಹಸು ಎರಡನೇ ಸಲ ಕುಡಿಯಲಿಲ್ಲ.

ಮರುದಿನ ಬೈರಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಪಂಚಾಂಗವನ್ನು ಬಗಲಲ್ಲಿಟ್ಟುಕೊಂಡು, ನಯನಾಳ ಜೊತೆ ನೋಂದಣಿ ಕಚೇರಿಗೆ ಹೋದ. ಆದೇಶದ ಪ್ರತಿ ಕೇಳಿದ್ದೀರಲ್ಲ ಎಂದು ಮೇಜಿನ ಮೇಲೆ ಪಂಚಾಂಗ ತೆರೆದಿಟ್ಟ. ಅಲ್ಲಿದ್ದ ಅಧಿಕಾರಿ ನಡುವಯಸ್ಸಿನ ಹೆಣ್ಣುಮಗಳು. ಪುಟ ಪೂರ್ತಿ ಓದಿದರು.

"ನಮ್ಮನೇಲೂ ಆಷಾಢದಲ್ಲಿ ಮನೆ ಬದಲಾಯಿಸಲ್ಲ ಯಜಮಾನ್ರೆ," ಅಂದರು. "ಆದ್ರೆ ಕಂಪ್ಯೂಟರ್‌ಗೆ ಆಷಾಢ ಇಲ್ಲ."

"ಏನ್ ಮಾಡ್ಬೇಕು ತಾಯಿ?"

"ಮೊದಲ ದಿನದಿಂದ ಇವ್ರು ನಿಮ್ಮನೇಲೇ ವಾಸ ಇದ್ರು ಅಂತ ನೀವು ಬರೆದು ಸಹಿ ಮಾಡಿ. ಅದಕ್ಕೊಂದು ಪುರಾವೆ ಕೊಡಿ. ತಪ್ಪು ನಿಮ್ಮ ಮೇಲೆ ಬರುತ್ತೆ, ನೋಡ್ಕೊಳ್ಳಿ."

"ವಾಸ ಅಂತ್ಲೇ ಬರೀಬೇಕಾ? ತಂಗಿದ್ರು ಅಂದ್ರೆ ಆಗಲ್ವಾ?"

"ಆಗಲ್ಲ."

ನಾಳೆ ಬರುತ್ತೇನೆ ಅಂದ ಬೈರಪ್ಪ. ದಾರಿಯುದ್ದಕ್ಕೂ ಪಂಚಾಂಗ ತೆರೆಯುವುದು, ಮುಚ್ಚುವುದು ಮಾಡುತ್ತಿದ್ದ. ಪೊಲೀಸರ ಹೆದರಿಕೆ ಎಂದುಕೊಂಡ ನಯನಾ, ಹೆಚ್ಚೆಂದರೆ ಎಚ್ಚರಿಕೆ ಕೊಟ್ಟು ಬಿಡ್ತಾರಪ್ಪ ಅಂದಳು. ಅವನಿಗೆ ಪೊಲೀಸರ ನೆನಪೇ ಇರಲಿಲ್ಲ. ನಲವತ್ತಾರು ದಿನ ಹಿತ್ತಲಿಂದ ಹತ್ತಿಸಿ, ಒಲೆ ಹಚ್ಚಗೊಡದೆ, ಆ ಮಗು ಆಷಾಢದಲ್ಲಿ ಬಂದಿಲ್ಲವೆಂದು ಅವನು ಯಾರ ಮುಂದೆ ಸಾಧಿಸಿದ್ದನೋ, ಅವರಿಗೆ ಈಗ ಬಂದದ್ದು ಆಷಾಢದಲ್ಲೇ ಎಂದು ತನ್ನ ಕೈಯಾರೆ ಬರೆದುಕೊಡಬೇಕಿತ್ತು.

ಸಂಜೆ ತಾರಸಿಯಲ್ಲಿ ಕೂತ. ಸೊಣ್ಣಮ್ಮ ಒಣಗಿದ ಬಟ್ಟೆ ತೆಗೆಯಲು ಬಂದವರು ಬಟ್ಟೆ ತೆಗೆಯದೆ ನಿಂತರು. ನಯನಾ ಎಲ್ಲ ಹೇಳಿದ್ದಳು.

"ಬರೀಬ್ಯಾಡಿ," ಅಂದರು. "ಶ್ರಾವಣ ಅಂತ್ಲೇ ಇರ್ಲಿ."

"ಅಂಗಂದ್ರೆ ಕಳಿಸ್ತಾರೆ."

"ಕಳಿಸ್ಲಿ. ಎಲ್ಲಾದ್ರೂ ಬದುಕ್ಕೊಂಡಿರ್ತದೆ."

ಜಕ್ಕೂರಿನ ತರಬೇತಿ ಶಾಲೆಯ ಸಣ್ಣ ವಿಮಾನವೊಂದು ತಲೆಯ ಮೇಲೆ ಒಂದು ಸುತ್ತು ಹಾಕಿಕೊಂಡು ಹೋಯಿತು.

"ಬರೀದೆ ಇದ್ರೂ ಬಂದಿದ್ದು ಆಷಾಢದಲ್ಲೇ ಕಣೆ," ಅಂದ ಬೈರಪ್ಪ. "ಇತ್ಲು ಮೆಟ್ಲು ಅತ್ತುಸ್ಬುಟ್ರೆ ಗೊತ್ತಾಗಲ್ಲ ಅಂತ ಮಾಡ್ಕೊಂಡಿದ್ದು ನಾವು."

"ಮತ್ತೆ?"

"ಬರೋದೇನಾರ ಇದ್ರೆ ನನ್ ಎಸ್ರಿಗೆ ಬರ್ಲಿ. ಅದ್ಕೇ ನಾನು ಸೈನ್ ಮಾಡೋದು."

ಸೊಣ್ಣಮ್ಮ ತಂತಿಯಿಂದ ಒಂದು ಸಣ್ಣ ಲಂಗ ತೆಗೆದು ಮಡಿಸಿದರು. "ಯಶವಂತನ್ ಕಾಲ್ದಲ್ಲಿ ಇಂಗೊಂದು ಕಾಗ್ದ ಯಾರೂ ಕೇಳ್ಲಿಲ್ಲ," ಅಂದರು.

"ಕೇಳಿದ್ರೆ ಆಗ್ಲೂ ಮಾಡ್ತಿದ್ದೆ."

ಮಾರನೆಯ ದಿನ ಅವನು ಕೊಟ್ಟ ಕಾಗದದಲ್ಲಿ ಮೂರೇ ಸಾಲು ಇತ್ತು. ಹನಾನ್ ಮತ್ತು ಸಲ್ಮಾ ಎಂಬುವರು ದಿನಾಂಕ 3-7-2023ರಿಂದ ನನ್ನ ಮನೆಯಲ್ಲಿ ವಾಸವಾಗಿರುತ್ತಾರೆ. ಆಷಾಢವಾದ್ದರಿಂದ ನಾನು ಕರಾರು ಬರೆದಿರುವುದಿಲ್ಲ. ತಪ್ಪು ನನ್ನದು, ಏನೇ ಬಂದರೂ ನನಗೆ ಬರತಕ್ಕದ್ದು. ಪುರಾವೆಗೆ ಅಂಜಿನಮ್ಮ ಬರೆದ ಚುಚ್ಚುಮದ್ದಿನ ಕಾರ್ಡು ಇಟ್ಟ. ಅಧಿಕಾರಿ ಕಾರ್ಡಿನ ತಾರೀಕು ನೋಡಿದರು, ಮನೆ ನಂಬರು ನೋಡಿದರು. ಕೊನೆಯ ಸಾಲು ಬೇಕಿರಲಿಲ್ಲ ಅಂದರು. ಇರ್ಲಿ ಬುಡಿ ತಾಯಿ ಅಂದ ಬೈರಪ್ಪ.

ತಡವಾದ ದಂಡ ಹಾಕಿ, ಬೈರಪ್ಪನಿಗೊಂದು ಎಚ್ಚರಿಕೆ ಪತ್ರ ಕೊಟ್ಟು, ತಾಯಿ ಮಗುವನ್ನು ನೋಂದಾಯಿಸಿಕೊಂಡರು. ಎಚ್ಚರಿಕೆ ಪತ್ರಕ್ಕೆ ಅವನು ಪ್ಲಾಸ್ಟಿಕ್ ಹಾಕಿಸಿ ಇಟ್ಟುಕೊಂಡ.

ಆಮೇಲೆ ಒಂದು ಥರ್ಮಾಮೀಟರು ತಂದ. ದಿನಾ ಬೆಳಿಗ್ಗೆ ಹಾಲು ಕರೆದು, ಅರ್ಧ ಲೀಟರು ಮೇಲಕ್ಕೆ ಒಯ್ಯುವಾಗ ಸಲ್ಮಾಳ ಹಣೆ ಮುಟ್ಟಿ ಬರುತ್ತಿದ್ದ. ಬಿಸಿಯೆನಿಸಿದರೆ ಥರ್ಮಾಮೀಟರು. ನೆಗಡಿಯಾದ ದಿನ ಊಟ ಮಾಡುತ್ತಿರಲಿಲ್ಲ, ಹೊಟ್ಟೆ ಸರಿಯಿಲ್ಲ ಅನ್ನುತ್ತಿದ್ದ. ಆ ದೀಪಾವಳಿ ಕಳೆಯಿತು. ಮುಂದಿನ ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರು ಸುಟ್ಟುಹೋದಾಗ ಅವನಿಗೆ ಖುಷಿಯಾಯಿತು. "ಬರೋದು ಅಂದ್ರೆ ಇದೇ ಇರ್ಬೇಕು ಕಣೆ, ಮುಗೀತು ಬುಡು," ಅಂದ. ಸೊಣ್ಣಮ್ಮ ನಂಬಲಿಲ್ಲ. ಅಷ್ಟು ಅಗ್ಗಕ್ಕೆ ಮುಗಿಯುವುದನ್ನು ಅವರು ಕಂಡಿರಲಿಲ್ಲ. ಸಲ್ಮಾ ಮಾತ್ರ ತಾತ ಅನ್ನಲು ಕಲಿತಳು, ಹಣ್ಣಿನ ಹುಳಿಗೆ ಕಣ್ಣು ಮುಚ್ಚಿಕೊಂಡೇ ಇನ್ನೊಂದು ಕೇಳಲು ಕಲಿತಳು.

ಬೀದಿಯಲ್ಲಿ ಬೈರಪ್ಪ ಈಗ ವೀಸಾ ವಿಷಯ ತಿಳಿದವನಾದ. ವಿದೇಶಿ ವಿದ್ಯಾರ್ಥಿಗಳಿಗೆ ಮನೆ ಕೊಡುವವರು ಮೊದಲು ಅವನನ್ನು ಕೇಳಿಕೊಂಡು ಹೋಗುತ್ತಿದ್ದರು. "ಇಪ್ಪತ್ನಾಕು ಗಂಟೆ," ಅನ್ನುತ್ತಿದ್ದ. "ರಾವುಕಾಲ ಗೀವುಕಾಲ ಎಲ್ಲಾ ಆಮ್ಯಾಕೆ. ಮೊದ್ಲು ಫಾರಂ ಆಕು." ನಾಸಿರನ ಪ್ರಬಂಧಕ್ಕೆ ತಾರಸಿಯ ಬಳ್ಳಿಯ ಎಲೆಗಳೂ ಹೋಗಿದ್ದವು. ಅದರಲ್ಲಿ ತನ್ನ ಹೆಸರಿದೆಯೇ ಎಂದು ಒಮ್ಮೆ ಕೇಳಿದ. ಬಳ್ಳಿಗೆ ನಂಬರು ಮಾತ್ರ ಇದೆ ಎಂದು ನಾಸಿರ್ ಹೇಳಿದ. ಯಾವ ನಂಬರು ಎಂದು ಕೇಳಿ ತಿಳಿದುಕೊಂಡ. ಹದಿನೇಳು.

ಎರಡು ಸಾವಿರದ ಇಪ್ಪತ್ತೈದರ ಜುಲೈ ಐದು, ಶನಿವಾರ, ಬೆಳಿಗ್ಗೆ ಬೈರಪ್ಪ ಹಸುವಿಗೆ ಹುಲ್ಲು ಹಾಕಿ, ಹಾಲು ಕೊಟ್ಟು ಬಂದು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ. ಸೊಣ್ಣಮ್ಮ ಕಾಫಿ ತಂದಾಗ ಜೀವ ಇರಲಿಲ್ಲ. ಕ್ಯಾಲೆಂಡರಿನಲ್ಲಿ ಆಷಾಢ ಶುದ್ಧ ದಶಮಿ ಎಂದಿತ್ತು. ಡಾಕ್ಟರು ಹೃದಯ ಅಂದರು. ಸೊಣ್ಣಮ್ಮ ಈ ಸಲ ಏನೂ ಅನ್ನಲಿಲ್ಲ.

ಹನ್ನೊಂದನೇ ದಿನದ ಕಾರ್ಯ ಮುಗಿದು ಎರಡು ದಿನವಾಗಿತ್ತು. ನಾಸಿರ್ ಕೆಳಗೆ ಬಂದು ಬಾಗಿಲಲ್ಲಿ ನಿಂತ. ಅವನಿಗೂ ಸಂಸಾರಕ್ಕೂ ವೀಸಾ ಮುಂದುವರಿಸುವ ಅರ್ಜಿ ಇಪ್ಪತ್ತನೇ ತಾರೀಕಿನೊಳಗೆ ಹೋಗಬೇಕಿತ್ತು. ಹಳೆಯ ಕರಾರು ಬೈರಪ್ಪನ ಹೆಸರಿನಲ್ಲಿತ್ತು. ಹೊಸ ಮಾಲೀಕರು ಹೊಸ ಕರಾರು ಬರೆಯಬೇಕಿತ್ತು. ಶ್ರಾವಣಕ್ಕೆ ಇನ್ನೂ ಎಂಟು ದಿನ. ಆಷಾಢ ಸರ್ಕಾರದ ಕಾನೂನಲ್ಲ, ಯಾರ ಕಾನೂನು ಎಂಬುದು ಅವನಿಗೆ ಆ ಹೊತ್ತಿಗೆ ಗೊತ್ತಾಗಿತ್ತು.

"ಅಮ್ಮ, ಕರಾರು ಬೇಡ," ಅಂದ, ಕಲಿತ ಕನ್ನಡದಲ್ಲಿ. "ಆರು ತಿಂಗಳು ಓದು ಇದೆ. ನಾನು ಹಾಸ್ಟೆಲ್ ಹೋಗ್ತೀನಿ. ಹನಾನ್, ಸಲ್ಮಾ ವಾಪಸ್ ಹೋಗ್ತಾರೆ."

"ಯಾಕೆ?"

"ಆಷಾಢ."

ಸೊಣ್ಣಮ್ಮ ಅವನನ್ನು ನೋಡಿದರು. "ಬರೋದೆಲ್ಲ ಅವ್ರ ಎಸ್ರಿಗೆ ಬಂದಾಯ್ತು," ಅಂದರು. "ಇನ್ನೇನ್ ಬರ್ಬೇಕು? ಕಾಗ್ದ ತಾ."

ನಯನಾ ಕರಾರು ಓದಿ ಹೇಳಿದಳು. ತಾರೀಕಿನ ಜಾಗಕ್ಕೆ ಬಂದಾಗ ತಡೆದಳು. "ಅಮ್ಮ, ಅರ್ಜಿ ಈಗ ಹಾಕಿ, ಕರಾರು ಶ್ರಾವಣದ ದಿನಕ್ಕೆ ಬರೆದ್ರೆ ಆಗುತ್ತೇನೋ ಕೇಳ್ಲಾ?"

"ಇವತ್ತಿಂದೇ ಆಕು. ಒಂದ್ಸಲ ಆ ಆಟ ಆಡಿ ಆಯ್ತಲ್ಲ."

ಅವರು ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದರು. ಬರೆದಾದ ಮೇಲೆ ಅಭ್ಯಾಸಬಲದಿಂದ ಅರಿಶಿನದ ಬಟ್ಟಲಿಗೆ ಕೈ ಹೋಯಿತು, ಅಲ್ಲೇ ನಿಂತಿತು. ಬಟ್ಟಲನ್ನು ಸಲ್ಮಾಳ ಕಡೆ ಸರಿಸಿದರು. ಸಲ್ಮಾ ನಾಲ್ಕು ಮೂಲೆಗೂ ಹಚ್ಚಿದಳು. ಕೈಯಲ್ಲಿ ಇನ್ನೂ ಉಳಿದಿತ್ತಾದ್ದರಿಂದ ನಡುವೆಯೂ ಹಚ್ಚಿದಳು.

ಎರಡು ದಿನಕ್ಕೆ ಕಂಪ್ಯೂಟರು ಆ ಕಾಗದವನ್ನು ವಾಪಸು ಕಳಿಸಿತು. ಕಲೆಯಿದೆ, ಸ್ಪಷ್ಟವಾದ ಪ್ರತಿ ಕಳಿಸಿ. ನಯನಾ ಅದನ್ನೇ ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿ ಕಳಿಸಿದಳು. ಅದರಲ್ಲಿ ಅರಿಶಿನ ಕಾಣಲಿಲ್ಲ. ಒಪ್ಪಿಗೆ ಬರುವ ಹೊತ್ತಿಗೆ ಶ್ರಾವಣ ಬಂದಿತ್ತು.